ನೆಲದ ಮೇಲಿನ ಬಿಸಿಲಿಗೊಂದು ಹೆಸರು

ಆ ವರ್ಷ ನನ್ನ ಕೆಲಸವೆಂದರೆ ಒಂದೊಂದೇ ಶಬ್ದವನ್ನು ಮುಂದಿಟ್ಟುಕೊಂಡು ಕೂಡುವುದು. ಘನ, ದ್ರವ, ಆವಿ, ಭಾರ, ವೇಗ, ನೆರಳು, ಬಿಂಬ. ಮೂರನೆಯ, ನಾಲ್ಕನೆಯ ಇಯತ್ತೆಯ ಮಕ್ಕಳಿಗಾಗಿ ವಿಜ್ಞಾನದ ಮೊದಲ ಶಬ್ದಗಳ ಒಂದು ಕಿರುಪುಸ್ತಕ ಸಿದ್ಧವಾಗಬೇಕಿತ್ತು. ಎಪ್ಪತ್ತರ ದಶಕ ಮುಗಿದು ಎಂಬತ್ತು ಕಾಲಿಡುತ್ತಿದ್ದ ಹೊತ್ತು. ಬೆಳಗಾವಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದ ನನ್ನನ್ನು ಈ ಕೆಲಸಕ್ಕೆಂದೇ ಒಂದು ಕಚೇರಿಯ ಮಹಡಿಯ ಕೋಣೆಗೆ ಕಳಿಸಿದ್ದರು. ಎರಡು ಮೇಜು, ಒಂದು ಕಪಾಟು, ಪಡುವಣಕ್ಕೆ ತೆರೆಯುವ ಒಂದು ಕಿಟಕಿ. ಅನಗೋಳದ ಮನೆಯಿಂದ ನಡೆದು ಬಂದು ಆ ಕಿಟಕಿ ತೆರೆದರೆ ಊರಿನ ಸದ್ದು ದೂರದ ಬಾವಿಯೊಳಗಿನಿಂದ ಬಂದಂತೆ ಕೇಳುತ್ತಿತ್ತು.

ಇನ್ನೊಂದು ಮೇಜು ಸಂಪಾದಕರದು. ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಪ್ರಾಚಾರ್ಯರಾಗಿದ್ದು ನಿವೃತ್ತರಾದವರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೇಸಿಗೆ ಕಳೆದ ಮೇಲೆ ಆಪರೇಶನ್ ಎಂದು ಡಾಕ್ಟರು ಹೇಳಿದ್ದರು. ಹೀಗಾಗಿ ನಾನು ಬರೆದದ್ದನ್ನು ಓದುವುದು, ಅವರು ಕಣ್ಣು ಮುಚ್ಚಿ ಕೇಳುವುದು. ಕನ್ನಡದಲ್ಲಿ ವಿಜ್ಞಾನಕ್ಕೆ ಶಬ್ದವಿಲ್ಲ ಎಂದು ಯಾರಾದರೂ ಅಂದರೆ ಸಹಿಸದವರು ಅವರು. ಆಯುಷ್ಯವನ್ನೆಲ್ಲ ಆ ಶಬ್ದಗಳನ್ನು ಕಟ್ಟುವುದರಲ್ಲೇ ಕಳೆದಿದ್ದರು. ‘ಬಾಷ್ಪೀಭವನ’ ಎಂದು ಅವರು ಉಚ್ಚರಿಸಿದರೆ ನೀರು ನಿಜಕ್ಕೂ ಮೆಲ್ಲಗೆ ಮೇಲೇಳುತ್ತಿದೆ ಅನ್ನಿಸುತ್ತಿತ್ತು.

ನಮ್ಮ ನಿಯಮ ಸರಳವಾಗಿತ್ತು. ಒಂದು ಶಬ್ದಕ್ಕೆ ಒಂದೇ ವಾಕ್ಯದ ಅರ್ಥ. ಆ ವಾಕ್ಯದಲ್ಲಿ ಮಗುವಿಗೆ ಮೊದಲೇ ಗೊತ್ತಿಲ್ಲದ ಶಬ್ದ ಬರಕೂಡದು. ಬರೆದದ್ದು ಸುಳ್ಳಾಗಕೂಡದು. ಕಷ್ಟವಿದ್ದದ್ದು ಕೊನೆಯದರಲ್ಲಿ. ‘ಹರಿಯುವ ವಸ್ತುವಿಗೆ ದ್ರವ ಎನ್ನುತ್ತಾರೆ’ ಎಂದು ನಾನು ಓದಿದಾಗ ಸಂಪಾದಕರು ಕಣ್ಣು ತೆರೆಯದೆಯೇ ಕೇಳಿದರು.

“ಉಸುಕೂ ಹರೀತದಲ್ಲ ತಂಗಿ? ಚೀಲದಾಗಿನ ಜ್ವಾಳ ಹರೀತದ. ಅವೂ ದ್ರವ ಏನು?”

ಮರುದಿನ ಮನೆಯಿಂದ ಎರಡು ಗಾಜಿನ ಲೋಟ ತಂದೆ. ಒಂದರಲ್ಲಿ ಉಸುಕು, ಇನ್ನೊಂದರಲ್ಲಿ ಶೇಂಗಾ ಎಣ್ಣೆ. ಎರಡನ್ನೂ ವಾಲಿಸಿದೆ. ಉಸುಕಿನ ಮೇಲ್ಭಾಗ ಲೋಟದ ಜೊತೆಗೇ ಓರೆಯಾಯಿತು. ಎಣ್ಣೆ ಮಾತ್ರ ಅವಸರವಿಲ್ಲದೆ ತನ್ನನ್ನು ತಾನು ಮಟ್ಟ ಮಾಡಿಕೊಂಡಿತು. ಇಬ್ಬರೂ ಬಹಳ ಹೊತ್ತು ಅದನ್ನೇ ನೋಡಿದೆವು. ಸಂಪಾದಕರು ಲೋಟವನ್ನು ಕಣ್ಣಿಗೆ ತೀರ ಹತ್ತಿರ ಹಿಡಿದಿದ್ದರು. ‘ಪಾತ್ರೆಯನ್ನು ವಾಲಿಸಿದರೂ ತನ್ನ ಮೇಲ್ಭಾಗವನ್ನು ತಾನೇ ಸಮ ಮಾಡಿಕೊಳ್ಳುವ ವಸ್ತು ದ್ರವ’ ಎಂದು ಬರೆದೆ. ಹೀಗೆ ಒಂದೊಂದು ಶಬ್ದಕ್ಕೆ ಒಂದೊಂದು ದಿನ, ಕೆಲವಕ್ಕೆ ವಾರ. ದೀಪಾವಳಿಯ ಹೊತ್ತಿಗೆ ಕರಡು ಮುಗಿಯಿತು. ಬೆಳಗಾವಿಯ ಶಾಲೆಯೊಂದರಲ್ಲಿ ಓದಿಸಿ ನೋಡಿದೆವು. ಮಕ್ಕಳು ಚೆನ್ನಾಗಿ ಉತ್ತರ ಕೊಟ್ಟರು. ಇನ್ನೊಂದು ಕಡೆ, ಊರಿಂದ ದೂರದಲ್ಲಿ, ಪರೀಕ್ಷಿಸಿ ಪಠ್ಯಪುಸ್ತಕಗಳಿಗೆ ಒಪ್ಪಿಗೆ ಕೊಡುವ ಮಂಡಳಿಗೆ ಒಪ್ಪಿಸುವುದೆಂದು ತೀರ್ಮಾನವಾಯಿತು. ಖಾನಾಪುರದಾಚೆಯ ಕಾಡಂಚಿನ ಹಳ್ಳಿ ಗುಂಜಿಯ ಒಬ್ಬ ಮಾಸ್ತರರು ತಮ್ಮ ಶಾಲೆಗೆ ಬನ್ನಿ ಎಂದು ಕರೆದಿದ್ದರು.

ಬೆಳಗಿನ ಪ್ಯಾಸೆಂಜರ್ ಗಾಡಿ ಖಾನಾಪುರ ದಾಟಿದ ಮೇಲೆ ಕಿಟಕಿಯ ಹೊರಗೆ ಏನೂ ಉಳಿಯಲಿಲ್ಲ. ಮಂಜು. ಮರಗಳು ಬರುತ್ತಿದ್ದವು, ಬಂದಂತೆಯೇ ಕರಗುತ್ತಿದ್ದವು. ಎಂಜಿನ್ನಿನ ಉಗಿ ಎಲ್ಲಿ ಮುಗಿದು ಮಂಜು ಎಲ್ಲಿ ಸುರುವಾಗುತ್ತದೆ ಎಂಬುದು ತಿಳಿಯುತ್ತಿರಲಿಲ್ಲ. ನನ್ನ ಚೀಲದಲ್ಲಿ ಅವೆರಡಕ್ಕೂ ಬೇರೆ ಬೇರೆ ಅರ್ಥವಾಕ್ಯಗಳಿದ್ದವು. ಗುಂಜಿ ಸ್ಟೇಶನ್ನಿನಲ್ಲಿ ಇಳಿದಾಗ ಮಾಸ್ತರರ ದನಿ ಮೊದಲು ಬಂತು, ಆಮೇಲೆ ಅವರು.

“ಬರ್ರಿ ಬಾಯಾರ, ಇತ್ಲಾಗ ಬರ್ರಿ. ಧುಕ ಭಾಳ ಬಿದ್ದೈತಿ, ಮುಂದಿಂದು ಕಾಣಾಂಗಿಲ್ಲ. ಕಾಲಾಗ ಖಡಿಕಲ್ಲು ಅದಾವ, ಸಾವಕಾಶ.”

ಶಾಲೆಯೆಂದರೆ ಹಂಚಿನ ಮಾಡಿನ ಒಂದು ಉದ್ದನೆಯ ಕೋಣೆ. ಕನ್ನಡ ಶಾಲೆಯೇ, ಆದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆಮಾತು ಮರಾಠಿ. ಮಾಸ್ತರರು ನನ್ನ ಕರಡನ್ನು ಮೊದಲೇ ತರಿಸಿಕೊಂಡು ಮಕ್ಕಳಿಗೆ ಕಲಿಸಿದ್ದರು. ‘ದ್ರವ ಅಂದರೇನು?’ ಎಂದು ಕೇಳಿದೆ. ಇಡೀ ಕೋಣೆ ಒಂದೇ ಉಸಿರಿನಲ್ಲಿ ನನ್ನ ವಾಕ್ಯವನ್ನು ಹಾಡಿತು. ಒಂದು ಅಕ್ಷರವೂ ತಪ್ಪಲಿಲ್ಲ. ನನಗೆ ಹೆಮ್ಮೆಯಾಯಿತು. ಮೂಲೆಯಲ್ಲಿದ್ದ ಕಂದೀಲನ್ನು ಎತ್ತಿ ಅಲುಗಾಡಿಸಿ, “ಇದರಾಗ ಇರೂದು ದ್ರವ ಹೌದೋ ಅಲ್ಲೋ?” ಎಂದೆ.

“ಅಲ್ರೀ ಬಾಯಿ,” ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಅದು ಚಿಮಣಿ ಎಣ್ಣಿ.”

ಎಲ್ಲರೂ ನಕ್ಕರು. ಎಣ್ಣೆಗಲ್ಲ, ಆ ಹೆಸರನ್ನು ಅವಳೇ ಹೇಳಿದ್ದಕ್ಕೆ. ಹಾಜರಿ ಪುಸ್ತಕದಲ್ಲಿ ಅವಳು ಅನಸೂಯಾ. ಮನೆಯಲ್ಲಿ ಅವಳನ್ನು ಕರೆಯುವುದು ಚಿಮಣಿ ಎಂದು. ಮರಾಠಿಯಲ್ಲಿ ಚಿಮಣಿಯೆಂದರೆ ಗುಬ್ಬಿ. ಊರೆಲ್ಲ ಹಾಗೆಯೇ ಕರೆಯುತ್ತಿತ್ತು. “ಇಲ್ಲಿ ಪ್ರತಿಯೊಬ್ಬರಿಗೂ ಎರಡ ಹೆಸರ ರೀ,” ಮಾಸ್ತರರು ಹೇಳಿದರು. “ಮನಿ ಹೆಸರ ಬ್ಯಾರೆ, ಸಾಲಿ ಹೆಸರ ಬ್ಯಾರೆ. ಅನಸೂಯಾ ಅಂತ ಕರದ್ರ ಅಕಿ ಒಮ್ಮೊಮ್ಮೆ ತಿರುಗಿ ಸೈತ ನೋಡೂದಿಲ್ಲ.”

ಆ ಚಳಿಗಾಲದಲ್ಲಿ ನಾನು ಗುಂಜಿಗೆ ಮತ್ತೆ ಮತ್ತೆ ಹೋದೆ. ಪ್ರತಿ ಸಲವೂ ಅದೇ ಆಗುತ್ತಿತ್ತು. ಮಕ್ಕಳಿಗೆ ವಾಕ್ಯಗಳು ಬರುತ್ತಿದ್ದವು, ವಸ್ತುಗಳೂ ಗೊತ್ತಿದ್ದವು. ಎರಡೂ ಒಂದೇ ಊರಿನಲ್ಲಿದ್ದು ಒಂದನ್ನೊಂದು ಮಾತಾಡಿಸದ ನೆರೆಯವರಂತೆ ಇದ್ದವು. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ‘ಬಿಂಬ’.

ಒಂದು ಮಧ್ಯಾಹ್ನ ಪಾಠದ ನಡುವೆ ಚಿಮಣಿ ಅಂಗೈ ಚಾಚಿ ಕೂತಿದ್ದಳು. ಹಂಚಿನ ಸಂದಿಯಿಂದ ಬಂದ ಬಿಸಿಲು ಅವಳ ಅಂಗೈಯಲ್ಲಿ ನಾಣ್ಯದಂತೆ ಬಿದ್ದಿತ್ತು. ಅದು ಸರಿದಂತೆ ಅವಳ ಕೈಯೂ ಸರಿಯುತ್ತಿತ್ತು. ಅದೇನೆಂದು ಕೇಳಿದೆ. ಅವಳು ಕೈ ಹಿಂದಕ್ಕೆಳೆದುಕೊಂಡಳು.

“ಏನಿಲ್ರಿ ಬಾಯಿ. ಕವಡಸಾ.”

ಆ ಶಬ್ದಕ್ಕೆ ಇಡೀ ತರಗತಿ ಎಚ್ಚೆತ್ತಿತು. ನಮ್ಮ ಮನೆಯಲ್ಲಿ ಎಷ್ಟು ಕವಡಸೆ ಬೀಳುತ್ತವೆ, ಯಾವ ಹೊತ್ತಿಗೆ ಒಲೆಯ ಹತ್ತಿರ ಬರುತ್ತವೆ, ಬೆಕ್ಕು ಅದನ್ನು ಹೇಗೆ ಹಿಡಿಯಲು ಹೋಗುತ್ತದೆ. ಅಲ್ಲಿಯವರೆಗೆ ಒಟ್ಟಾಗಿ ಮಾತ್ರ ಬಾಯಿ ಬಿಡುತ್ತಿದ್ದ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಮಾತಾಡಿದರು. ನಾನು ಒಂದು ರಟ್ಟಿನಲ್ಲಿ ಮುಮ್ಮೂಲೆಯ ಸಣ್ಣ ತೂತು ಕೊರೆದು ಬಿಸಿಲಿಗೆ ಹಿಡಿದೆ. ಗೋಡೆಗೆ ಹತ್ತಿರವಿದ್ದಾಗ ಬೆಳಕಿನ ಗುರುತೂ ಮುಮ್ಮೂಲೆ. ರಟ್ಟನ್ನು ದೂರ ದೂರ ಒಯ್ದಂತೆ ಅದರ ಮೂಲೆಗಳು ಮಾಸಿ, ಕೊನೆಗೆ ದುಂಡಗಾಯಿತು. ತೂತು ಹೇಗಿದ್ದರೂ ಅಷ್ಟೇ. ಯಾಕೆಂದರೆ ಅದು ತೂತಿನ ಗುರುತಲ್ಲ, ಸೂರ್ಯನ ಬಿಂಬ ಎಂದು ಹೇಳಿದೆ. ಮಕ್ಕಳು ‘ಸೂರ್ಯನ ಬಿಂಬ’ ಎಂದು ಹಾಡಿದರು. ಯಾರೂ ನಂಬಿರಲಿಲ್ಲ. ಸೂರ್ಯ ಅಲ್ಲಿ ಮೇಲೆ. ಇದು ಬೆಕ್ಕು ಆಡುವ ಕವಡಸಾ.

ಬೆಳಗಾವಿಗೆ ಬಂದು ಸಂಪಾದಕರಿಗೆ ಹೇಳಿದೆ. ಪುಸ್ತಕದಲ್ಲಿ ಮನೆಯ ಶಬ್ದವನ್ನು ಮೊದಲು ಹಾಕೋಣ, ಅದರ ಪಕ್ಕಕ್ಕೆ ನಮ್ಮ ಶಬ್ದ. ಉಗಿಯ ಪಕ್ಕಕ್ಕೆ ಆವಿ. ಕವಡಸೆಯ ಪಕ್ಕಕ್ಕೆ ಬಿಂಬ.

ಅವರು ಮೊದಲನೆಯದನ್ನು ಮಾತ್ರ ಒಪ್ಪಿದರು.

“ಉಗಿ ಆಗಲಿ. ಈ ಕವಡಸಾ ಬ್ಯಾಡ. ಬಿಸಿಲಕೋಲು ಅಂತ ನಮ್ಮ ಶಬ್ದ ಅದ, ಅದನ್ನ ಹಾಕು. ಈ ಊರಾಗ ಅಂಗಡಿ ಬೋರ್ಡಿನ ಮ್ಯಾಲಿನ ಅಕ್ಷರಕ್ಕ ಜಗಳ ಆಗತಾವ. ಕನ್ನಡ ಪುಸ್ತಕದಾಗ ಮರಾಠಿ ಶಬ್ದ ನೋಡಿದ್ರ ಮಂಡಳಿಯವರು ಆ ಶಬ್ದ ತಗಿಯೂದಿಲ್ಲ ತಂಗಿ, ಪುಸ್ತಕಾನೇ ನಿಲ್ಲಸ್ತಾರ. ಮಾಡಿದ್ದೆಲ್ಲ ಕಪಾಟಿನಾಗ ಉಳೀತದ.”

ಅವರು ಹೇಳಿದ್ದು ಸುಳ್ಳಲ್ಲ. ‘ಬಿಸಿಲಕೋಲು’ ಎಂದು ಬರೆದೆ. ಬರೆದ ಮೇಲೂ ಆ ಪುಟ ನನಗೆ ಮುಗಿದಂತೆ ಕಾಣಲಿಲ್ಲ.

ಆಗಲೇ ಸೂರ್ಯಗ್ರಹಣದ ಸುದ್ದಿ ಬಂದದ್ದು. ಪೂರ್ತಿ ಮುಚ್ಚುವುದು ನಮ್ಮ ದಕ್ಷಿಣಕ್ಕಂತೆ. ನಮ್ಮಲ್ಲಿ ತೆಳ್ಳಗಿನ ಒಂದು ಅಂಚು ಉಳಿಯುತ್ತದಂತೆ. ಪತ್ರಿಕೆ ಓದುತ್ತಿದ್ದಂತೆ ನನಗೆ ಹೊಳೆಯಿತು. ಸೂರ್ಯ ತುಂಡಾದರೆ ಕವಡಸೆಯೂ ತುಂಡಾಗಲೇಬೇಕು. ಆ ಒಂದು ಮಧ್ಯಾಹ್ನ ಮಾತ್ರ ನೆಲದ ಮೇಲಿನ ಬಿಸಿಲೇ ತಾನು ಯಾರೆಂದು ಹೇಳುತ್ತದೆ. ಶಾಲೆಯ ಕೋಣೆಯಲ್ಲಿ ಬಾಗಿಲು ಮುಚ್ಚಿ, ಮಕ್ಕಳನ್ನು ಕೂಡಿಸಿ, ನೆಲಕ್ಕೆ ಬಿಳಿಯ ಬಟ್ಟೆ ಹಾಸಿ ತೋರಿಸುವುದು. ಯಾರೂ ಆಕಾಶದ ಕಡೆ ಕಣ್ಣೆತ್ತಬೇಕಾಗಿಲ್ಲ. ಯೋಜನೆ ಹೇಳಿದಾಗ ಸಂಪಾದಕರು ಮೇಜಿನ ಮೇಲೆ ಕೈಯೂರಿ ಎದ್ದರು.

“ನಾನೂ ಬರತೇನಿ. ಜೀವಮಾನ ಎಲ್ಲ ಗ್ರಹಣದ ಬಗ್ಗೆ ಪಾಠ ಮಾಡೇನಿ, ಒಂದನ್ನೂ ನೋಡಿಲ್ಲ.”

ನನ್ನ ಅತ್ತೆ ಮಾತ್ರ, “ಗ್ರಹಣದ ದಿನ ಹೊರಗ ಕಾಲಿಡಬಾರದು ಅಂತಾರ, ನೀ ನೋಡಿದ್ರ ಊರು ಬಿಟ್ಟು ಅಡವಿಗೆ ಹೊಂಟೀಯಲ್ಲ!” ಎಂದು ಬಾಗಿಲಲ್ಲಿ ನಿಂತರು. ಆದರೂ ಬುತ್ತಿ ಕಟ್ಟಿಕೊಟ್ಟರು.

ಗುಂಜಿಗೆ ಬೆಳಿಗ್ಗೆಯೇ ಮುಟ್ಟಿದೆವು. ಶಾಲೆಯ ಬಾಗಿಲು ತೆರೆದು, ಕಿಟಕಿಗಳಿಗೆ ಗೋಣಿತಟ್ಟು ಕಟ್ಟಿ, ಬಿಳಿಯ ಧೋತರ ಹಾಸಿ ಕಾದೆವು. ಒಂದು ಮಗುವೂ ಬರಲಿಲ್ಲ. ಮಾಸ್ತರರು ಓಣಿಗೆ ಹೋಗಿ ಬಂದು ತಲೆಯಾಡಿಸಿದರು.

“ಯಾರೂ ಕಳಸಾಂಗಿಲ್ರಿ ಬಾಯಾರ. ಮಧ್ಯಾಹ್ನದ ಒಳಗ ಬಾಗಲಾ ಹಾಕ್ಕೋತಾರ. ಹುಡುಗ್ರನ್ನ ಹೊಸ್ತಲ ದಾಟಾಕ ಬಿಡಾಂಗಿಲ್ಲ. ನಾನೂ ಒತ್ತಾಯ ಮಾಡಾಕ ಬರಾಂಗಿಲ್ಲ.”

ತಿಂಗಳುಗಟ್ಟಲೆ ಕಾದದ್ದು ಹಾಗೆ ಕೈ ಜಾರಿತು. ಸಂಪಾದಕರು ಬೆಂಚಿನ ಮೇಲೆ ಕೂತು ಪೊರೆ ಬಂದ ಕಣ್ಣಿನಿಂದ ಮಾಡಿನ ಕಡೆ ನೋಡುತ್ತಿದ್ದರು. ನಾನು ಹೊರಗೆ ಬಂದು ನಿಂತೆ. ಕಾಡಿನ ಅಂಚಿಗೆ ಹರಡಿಕೊಂಡ ಆ ಮನೆಗಳೆಲ್ಲ ಹಂಚಿನವೇ. ಒಂದೊಂದರಲ್ಲೂ ಒಡೆದ ಹಂಚು, ಸರಿದ ಹಂಚು. ಬಾಗಿಲು ಮುಚ್ಚಿದರೆ ಒಳಗೆ ಕತ್ತಲೆ. ನಾನು ಶಾಲೆಯಲ್ಲಿ ಕಷ್ಟಪಟ್ಟು ಮಾಡಿದ್ದೂ ಅದನ್ನೇ ಅಲ್ಲವೇ? ಊರಿನವರು ಭಯದಿಂದ ಪ್ರತಿ ಮನೆಯನ್ನೂ ನನಗೆ ಬೇಕಾದ ಕೋಣೆಯಾಗಿ ಮಾಡಿಡುತ್ತಿದ್ದರು.

“ಮಾಸ್ತರ, ಮಕ್ಕಳು ಬರೂದು ಬ್ಯಾಡ,” ಎಂದೆ. “ನಾವೇ ಮನಿಮನಿಗೆ ಹೋಗಿ ಹೇಳೂಣು. ಬಾಗಲಾ ಹಾಕ್ಕೊಳ್ಳಿ, ಹೊರಗ ಬರಬ್ಯಾಡ್ರಿ. ಕವಡಸಾ ಬೀಳೂ ಕಡೆ ಒಂದು ಬಿಳೀ ಅರಿವಿ ಹಾಸ್ರಿ. ಮ್ಯಾಲೆ ನೋಡಬ್ಯಾಡ್ರಿ, ನೆಲಾನ ನೋಡ್ರಿ. ಇಷ್ಟ ಸಾಕು.”

ಬಾಗಿಲು ಮುಚ್ಚಿ ಒಳಗಿರಿ ಎಂದು ಹೇಳುವವರ ಜೊತೆ ಯಾರು ಜಗಳವಾಡುತ್ತಾರೆ? ಕೆಲವರು ನಕ್ಕರು, ಕೆಲವರು ಆಗಲಿ ಎಂದರು. ಸ್ಟೇಶನ್ನಿನ ಹತ್ತಿರದ ಚಿಮಣಿಯ ಮನೆಗೆ ಬಂದಾಗ ಅಜ್ಜಿ ಹಳೆಯ ಚಿಂದಿಗಳನ್ನು ಉದ್ದನೆಯ ಗಳಕ್ಕೆ ಸಿಕ್ಕಿಸಿ ಹಂಚಿನ ತೂತುಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದಳು. ಚಿಮಣಿಯ ಅಪ್ಪ ರೈಲುಹಳಿಯ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿ ಅವಳ ಕಾಕೂ, ಚಿಕ್ಕಪ್ಪನ ಹೆಂಡತಿ, ತುಂಬಿದ ಬಸುರಿ.

“ಗರ್ಭಿಣಿ ಅದಾಳ,” ಅಜ್ಜಿ ಕೈ ನಿಲ್ಲಿಸದೆ ಹೇಳಿದಳು. “ಗ್ರಹಣದ ಬಿಸಲ ಬೀಳಬಾರದು. ಒಂದು ತೂತೂ ಬಿಡಾಂಗಿಲ್ಲ. ನೀವು ಕಲ್ತವ್ರು, ನಿಮ್ಮ ಮನ್ಯಾಗ ಏನರ ಮಾಡ್ರಿ.”

ಚಿಮಣಿ ನನ್ನ ಮುಖ ನೋಡಿದಳು. ಬಿಸಿಲಿಂದ ಏನೂ ಆಗದು ಎಂದು ಹೇಳಲು ಬಾಯಿ ತೆರೆದೆ. ಅಜ್ಜಿ ಗಳ ಎತ್ತಿ ಇನ್ನೊಂದು ತೂತಿಗೆ ಚಿಂದಿ ತುರುಕಿದಳು. ಅವಳು ಕಾಯುತ್ತಿದ್ದದ್ದು ಒಂದು ಜೀವವನ್ನು. ಅದನ್ನು ಕಂಡು, ಹೇಳಹೊರಟಿದ್ದನ್ನು ಬಿಟ್ಟು ಬೇರೆ ಕೇಳಿದೆ.

“ಒಳಗಿನ ಖೋಲ್ಯಾಗ ಒಂದೂ ತೂತಿಲ್ಲಲ್ಲ ಆಜಿ?” ಎಂದೆ. “ಅವರು ಅಲ್ಲಿ ಮಲಗಲಿ. ಬಾಗಲಾ ಹಾಕೂಣು. ಈ ಪಡಸಾಲ್ಯಾಗಿನ ಎರಡು ತೂತು ಅಷ್ಟ ಬಿಡ್ರಿ.”

ಅಜ್ಜಿ ಒಳಗಿನ ಖೋಲಿಯನ್ನು ಹೊಕ್ಕು, ಮಾಡನ್ನೆಲ್ಲ ಪರೀಕ್ಷಿಸಿ ಬಂದಳು. ಗಳವನ್ನು ಗೋಡೆಗೆ ಒರಗಿಸಿದಳು. “ಒಳಗ ಬರ್ರಿ ಹಂಗಾರ. ಲೌಕರ್, ಲಗು ಬರ್ರಿ, ಬಾಗಲಾ ಹಾಕತೇನಿ.”

ಹೀಗೆ ಸಂಪಾದಕರು, ನಾನು, ಚಿಮಣಿ, ಅಜ್ಜಿ ಆ ಕತ್ತಲೆಯಲ್ಲಿ ಕೂತೆವು. ಮಾಸ್ತರರು ತಮ್ಮ ಮನೆಗೆ ಹೋದರು. ನೆಲದ ಮೇಲೆ ಎರಡು ಬೆಳಕಿನ ಚುಕ್ಕೆಗಳು. ಇಳಿಬಿಸಿಲಾದ್ದರಿಂದ ಅವು ಮೊಟ್ಟೆಯಂತೆ ಉದ್ದವಾಗಿದ್ದವು. ಒಂದು ಹಲಗೆಗೆ ಬಿಳಿಯ ಬಟ್ಟೆ ಸುತ್ತಿ, ಬಿಸಿಲಿಗೆ ಎದುರಾಗುವಂತೆ ವಾಲಿಸಿ ಇಟ್ಟೆ. ಚುಕ್ಕೆ ದುಂಡಗಾಯಿತು.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅದರ ಒಂದು ಅಂಚು ಯಾರೋ ರೊಟ್ಟಿಯನ್ನು ಕಚ್ಚಿದಂತೆ ಕಾಣಿಸಿತು. ಚಿಮಣಿ ಬಟ್ಟೆಯನ್ನು ಕೈಯಿಂದ ಒರೆಸಿದಳು. ಹೋಗಲಿಲ್ಲ.

ಒಳಗಿನ ಖೋಲಿಯಿಂದ ಕಾಕೂನ ದನಿ ಬಂತು. ಅವಳು ಬೈಲಹೊಂಗಲದ ಕಡೆಯಿಂದ ಬಂದ ಸೊಸೆ. ಮರಾಠಿ ಇನ್ನೂ ಕಲಿಯುತ್ತಿದ್ದಳು. ಚಿಮಣಿ ಅವಳೊಂದಿಗೆ ಕನ್ನಡದಲ್ಲೇ ಮಾತಾಡುತ್ತಿದ್ದಳು.

“ಚಿಮಣೀ, ಏನಾಗಾಕತ್ತೈತಿ? ನನಗ ಏನೂ ಕಾಣವಲ್ದು. ಹೇಳ.”

“ಕವಡಸಾ ಸಣ್ಣದ ಆಗಾಕತ್ತೈತಿ ಕಾಕೂ.”

“ಕವಡಸಾ ಅಂದ್ರೇನ?”

ಚಿಮಣಿ ಮುಚ್ಚಿದ ಬಾಗಿಲಿನ ಕಡೆ ಮುಖ ಮಾಡಿ, ಒಂದೊಂದೇ ಶಬ್ದ ಆರಿಸಿ ಹೇಳಿದಳು. “ಹಂಚಿನ ತೂತಿನ್ಯಾಗಿಂದ ಬಂದು ನೆಲಕ್ಕ ಬೀಳ್ತೈತಲ್ಲ ಬಿಸಲಿನ ಚುಕ್ಕಿ, ಅದು.” ಮತ್ತೆ ಸ್ವಲ್ಪ ಹೊತ್ತಿಗೆ, “ಈಗ ಅರ್ಧಾ ಹೋತು. ಈಗ ಕುಡಗೋಲ ಆತು ನೋಡ. ಎರಡೂ ಕುಡಗೋಲ ಆದುವು. ತೂತು ಮೊದಲಿನಂಗ ಐತಿ. ತೂತು ಕುಡಗೋಲ ಆಗಿಲ್ಲ ಕಾಕೂ, ಸೂರ್ಯಾ ಆಗ್ಯಾನ. ಇದು ಸೂರ್ಯಾನ. ನಮ್ಮ ಮನ್ಯಾಗ ದಿನಾ ಬೀಳತಿದ್ದದ್ದು ಸೂರ್ಯಾನ!”

ನಾನು ಸಂಪಾದಕರ ಕಡೆ ನೋಡಿದೆ. ಹಲಗೆ ಅವರ ಮುಂದೆಯೇ ಇತ್ತು. ಅವರು ಅದನ್ನು ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಹುಡುಗಿಯ ಮಾತನ್ನು ಕೇಳುತ್ತಿದ್ದರು. ಬಾಗಿಲಿನ ಆಚೆಗಿದ್ದ ಹೆಣ್ಣುಮಗಳೂ ಹಾಗೆಯೇ ಕೇಳುತ್ತಿದ್ದಿರಬೇಕು. ಹೊರಗೆ ಹಕ್ಕಿಗಳ ಸದ್ದು ನಿಂತಿತ್ತು. ಮನೆಯೊಳಗಿನ ಕತ್ತಲೆ ಹಿತ್ತಾಳೆಯ ಬಣ್ಣಕ್ಕೆ ತಿರುಗಿತ್ತು. ಎಲ್ಲವೂ ನೀರಿನ ತಳದಲ್ಲಿದ್ದಂತೆ. ಅಜ್ಜಿಯ ಬಳೆಗಳು, ನೀರಿನ ಕೊಡ, ಅದರ ಮೇಲಿಟ್ಟ ತುಳಸಿ ಎಲೆ. ಕುಡುಗೋಲು ಸಣ್ಣದಾಗಿ ಸಣ್ಣದಾಗಿ ಉಗುರಿನ ಅಂಚಿನಷ್ಟಾಯಿತು. ಅಜ್ಜಿ ಜಪ ನಿಲ್ಲಿಸಿ, ಬಾಗಿ, ಅದನ್ನು ನೋಡಿದಳು. ಮುಟ್ಟಲಿಲ್ಲ.

ಮತ್ತೆ ಬೆಳಕು ತುಂಬಿಕೊಂಡಾಗ ಚಿಮಣಿಯ ದನಿ ಬಿದ್ದುಹೋಗಿತ್ತು. ಮೊದಲಿಂದ ಕೊನೆಯವರೆಗೆ ಒಂದನ್ನೂ ಬಿಡದೆ ಅವಳು ಹೇಳಿದ್ದಳು.

ಮರಳುವ ಗಾಡಿ ದೇಸೂರು ಸ್ಟೇಶನ್ನಿಗೆ ಬಂದಾಗ ಸಂಪಾದಕರು ನನ್ನ ಕಡೆ ತಿರುಗಿದರು. “ಬಿಸಿಲಕೋಲು ಗಾಳ್ಯಾಗ ಇರತದ ತಂಗಿ,” ಎಂದರು. “ಧೂಳಿನಾಗ ಕಾಣಸ್ತದಲ್ಲ, ಅದು. ನೆಲದ ಮ್ಯಾಲೆ ಬಿದ್ದದ್ದಕ್ಕ ನನ್ನ ಹತ್ತರ ಶಬ್ದ ಇಲ್ಲ. ಆ ಹುಡಿಗಿ ಹತ್ತರ ಅದ. ಮನಿ ಹೆಸರು, ಸಾಲಿ ಹೆಸರು ಅಂತ ಎರಡು ಸಾಲು ಮಾಡು. ಮಂಡಳಿಗೆ ನಾ ಹೇಳತೇನಿ.”

ಸೋಮವಾರ ನಾನೊಬ್ಬಳೇ ಮತ್ತೆ ಹೋದೆ. ಹೆಚ್ಚಿನ ಮನೆಗಳಲ್ಲಿ ಮಕ್ಕಳು ನೋಡಿದ್ದರು. ಕೆಲವು ಮನೆಗಳಲ್ಲಿ ತೂತು ಮುಚ್ಚಿಬಿಟ್ಟಿದ್ದರು. ನೋಡದವರಿಗೆ ನೋಡಿದವರು ಹೇಳುತ್ತಿದ್ದರು. ಅಂದು ‘ಬಿಂಬ’ ಎಂಬ ಶಬ್ದವನ್ನು ನಾನು ಹಲಗೆಯ ಮೇಲೆ ಬರೆದಾಗ ಯಾರೂ ಹಾಡಲಿಲ್ಲ. ಒಬ್ಬ ಹುಡುಗ, “ಅದು ಕವಡಸಾದ ಸಾಲಿ ಹೆಸರ ರೀ,” ಎಂದ. ಉಳಿದ ಶಬ್ದಗಳನ್ನೂ ನಾನು ಹಾಗೆಯೇ ತಿದ್ದಿದೆ: ಮೊದಲು ಮನೆಯ ಹೆಸರು, ಆಮೇಲೆ ಮಗು ಕಣ್ಣಾರೆ ಕಂಡದ್ದು, ಕೊನೆಗೆ ಶಾಲೆಯ ಹೆಸರು. ‘ಬಾಷ್ಪೀಭವನ’ವನ್ನು ಸಂಪಾದಕರು ತಾವೇ ತೆಗೆಸಿದರು. “ದೊಡ್ಡವರಾದ ಮ್ಯಾಲೆ ಸಿಗತದ ಬಿಡು,” ಎಂದರು. ಆ ದಿನ ಅವರು ಬೇಗ ಮನೆಗೆ ಹೋದರು.

ಮಂಡಳಿಯ ಸಭೆಯಲ್ಲಿ ಅವರು ಅಂದುಕೊಂಡದ್ದೇ ಆಯಿತು. ಸದಸ್ಯರೊಬ್ಬರು ಆ ಪುಟಕ್ಕೆ ಬೆರಳಿಟ್ಟು, “ಕನ್ನಡ ಪುಸ್ತಕದಾಗ ಇದ್ಯಾಕ?” ಎಂದು ಕೇಳಿದರು.

“ಇದಕ್ಕೊಂದು ಕನ್ನಡ ಶಬ್ದ ಹೇಳ್ರಿ, ಅದನ್ನೂ ಹಾಕೋಣ,” ಎಂದರು ಸಂಪಾದಕರು. ಬಿಸಿಲಕೋಲು ಎಂದರು ಯಾರೋ. ಅದು ಯಾಕಲ್ಲ ಎಂದು ಅವರು ವಿವರಿಸಿದರು. ಬಿಸಿಲಚುಕ್ಕಿ ಎಂದರು ಇನ್ನೊಬ್ಬರು. “ಛಲೋ ಅದ. ಬರ್ಕೊ ತಂಗಿ. ಅದರ ಬಾಜೂಕ ಇದೂ ಇರಲಿ. ಹುಡುಗ್ರು ತಮ್ಮ ಮನಿ ಶಬ್ದ ಹಿಡ್ಕೊಂಡು ನಮ್ಮ ಕನ್ನಡಕ್ಕ ಬರಾಕತ್ತಾರ. ಬಾಗಲ್ದಾಗ ತಡದು, ಅದನ್ನ ಹೊರಗ ಇಟ್ಟು ಬಾ ಅಂತ ಹೇಳೋಣೇನು?”

ವಾದ ಬಹಳ ಹೊತ್ತು ನಡೆಯಿತು. ಕೊನೆಗೆ ಪುಸ್ತಕವನ್ನು ಖಾನಾಪುರ ತಾಲೂಕಿನ ಶಾಲೆಗಳಿಗೆ ಮಾತ್ರ, ಪ್ರಯೋಗಕ್ಕೆಂದು ಅಚ್ಚು ಹಾಕುವುದೆಂದು ಒಪ್ಪಿದರು. ಬೆಳಗಾವಿ ಊರಿಗೆ ಅದು ಬರಲೇ ಇಲ್ಲ. ನಾನು ನನ್ನ ಹೈಸ್ಕೂಲಿಗೆ ಮರಳಿದೆ.

ಪುಸ್ತಕ ಗುಂಜಿಗೆ ಮುಟ್ಟಿದಾಗ ಆಷಾಢ. ಮಾಸ್ತರರು ಕರೆದರೆಂದು ಹೋಗಿದ್ದೆ. ಸಂಜೆಯ ಗಾಡಿಗೆ ಇನ್ನೂ ಹೊತ್ತಿತ್ತು; ಚಿಮಣಿ ಕೈಹಿಡಿದು ಮನೆಗೆ ಕರೆದೊಯ್ದಳು. ಕಾಕೂನ ಕೂಸು ತೊಟ್ಟಿಲಲ್ಲಿ ಮಲಗಿತ್ತು, ಗುಂಡಗುಂಡಗಿನ ಹೆಣ್ಣುಕೂಸು. ಮಳೆ ಸುರಿಯುತ್ತಿತ್ತು. ದಿನಗಟ್ಟಲೆ ಸೂರ್ಯನನ್ನು ಕಂಡಿರದ ಮನೆ. ಮಾಡಿನಿಂದ ನೀರು ಸೋರುವ ಕಡೆ ಪಾತ್ರೆಗಳನ್ನಿಟ್ಟಿದ್ದರು.

ಅಜ್ಜಿಗೆ ಓದು ಬರುತ್ತಿರಲಿಲ್ಲ. ಚಿಮಣಿ ಅವಳ ಮುಂದೆ ಕೂತು, ಪುಟ ತೆರೆದು, ಬೆರಳಿಟ್ಟು ಓದಿದಳು. “ಬಿಸಿಲಚುಕ್ಕಿ, ಕವಡಸಾ. ಹಂಚಿನ ತೂತಿನಿಂದ ಬಂದು ನೆಲಕ್ಕೆ ಬೀಳುವ ಬಿಸಿಲಿನ ಚುಕ್ಕೆ. ಇದು ಸೂರ್ಯನ ಬಿಂಬ.”

ಅಜ್ಜಿ ತನ್ನ ಮನೆಮಾತಿನ ಆ ಒಂದು ಶಬ್ದ ಬಂದ ಕಡೆ ತಲೆಯೆತ್ತಿದಳು.

“ಪುನ್ಹಾ ವಾಚ,” ಎಂದಳು. ಮತ್ತೊಮ್ಮೆ ಓದು.

ಹುಡುಗಿ ಮತ್ತೊಮ್ಮೆ ಓದಿದಳು. ಅಜ್ಜಿ ಪುಸ್ತಕವನ್ನು ನೋಡಲಿಲ್ಲ. ಪಡಸಾಲೆಯ ನಡುವಿನ ಒದ್ದೆ ನೆಲವನ್ನು, ಬಿಸಿಲಿನ ದಿನಗಳಲ್ಲಿ ಅದು ಬಂದು ಬೀಳುವ ಜಾಗವನ್ನು, ನೋಡುತ್ತ ಕೂತಳು.